ಹನ್ನೊಂದು ಐದರ ಹಾಡು

ಹಾಡು ಇನ್ನೂ ನಿಂತಿರಲಿಲ್ಲ. ಹನ್ನೊಂದಾಗಿ ಮೂರು ನಿಮಿಷ ಕಳೆದಿತ್ತು. ಇನ್ನೆರಡು ನಿಮಿಷಕ್ಕೆ ನಿಲ್ಲುತ್ತದೆ, ನಿಲ್ಲದೆ ಎಲ್ಲಿಗೆ ಹೋಗುತ್ತದೆ ಎಂದು ತನಗೆ ತಾನೇ ಹೇಳಿಕೊಳ್ಳುತ್ತ ಅವನು ಮೇಣದ ಚಾಕುವನ್ನು ಉರಿಗೆ ಹಿಡಿದು, ಮುಖ ನೋಡಿರದ ಯಾರದೋ ಮೇಲ್ದವಡೆಯ ಅಚ್ಚಿನ ಮೇಲೆ ನಾಲ್ಕನೆಯ ಹಲ್ಲನ್ನು ಕೂರಿಸಿದ. ಸರಿಯಾಗಿ ಕೂತಿತು ಅನ್ನಿಸಲಿಲ್ಲ. ತೆಗೆದು ಮತ್ತೆ ಕೂರಿಸಿದ. ಇಪ್ಪತ್ತೆಂಟು ವರ್ಷ ಹಲ್ಲು ಕಟ್ಟಿದ ಕೈ ಅದು. ಈ ಊರಿನಲ್ಲಿ ನೂರಾರು ಜನ ಅವನ ಹಲ್ಲಿನಿಂದಲೇ ನಗುತ್ತ, ಅವನ ಹಲ್ಲಿನಿಂದಲೇ ಒಬ್ಬರನ್ನೊಬ್ಬರು ಬೈಯುತ್ತ ಓಡಾಡುತ್ತಿದ್ದರು. ಆದರೂ ಹನ್ನೊಂದರಿಂದ ಹನ್ನೊಂದು ಐದರವರೆಗೆ ಆ ಕೈಯನ್ನು ನಂಬುವಂತಿರಲಿಲ್ಲ. ಪ್ಲಾಸ್ಟರ್ ಡಬ್ಬಿಗೆ ಒರಗಿಸಿಟ್ಟ ಫೋನಿನಲ್ಲಿ ಯಾರೋ ಏನನ್ನೋ ಹಾಡುತ್ತಿದ್ದರು. ಹಾಡುತ್ತಿರುವುದು ಗಂಡಸೋ ಹೆಂಗಸೋ ಎಂದು ಕೇಳಿದ್ದರೆ ಅವನು ತಡವರಿಸುತ್ತಿದ್ದ. ದಿನಾ ಹತ್ತೂಮುಕ್ಕಾಲಿಗೆ ಕೈಗೆ ಸಿಕ್ಕಿದ ಹಾಡನ್ನು ಹಾಕಿಡುತ್ತಿದ್ದುದು ಕೇಳುವುದಕ್ಕಲ್ಲ. ನಿಲ್ಲಿಸುವವರಿಗೆ ನಿಲ್ಲಿಸಲು ಏನಾದರೊಂದು ಇರಬೇಕಲ್ಲ, ಅದಕ್ಕೆ.

ಹನ್ನೊಂದು ಐದಕ್ಕೆ ಹಾಡು ನಡುವೆಯೇ ಕತ್ತರಿಸಿದ ಹಾಗೆ ನಿಂತಿತು. ಪರದೆಯ ಮೇಲೆ ಹಳದಿ ಪಟ್ಟಿ ಬಂತು: ‘ಬೇರೊಂದು ಫೋನಿನಲ್ಲಿ ಹಾಡುತ್ತಿದೆ: ಅಕ್ಕ.’ ಅವನು ಚಾಕುವನ್ನು ಕೆಳಗಿಟ್ಟು, ಅಂಗಿಯ ತುದಿಯಿಂದ ಕನ್ನಡಕ ಒರೆಸಿಕೊಂಡ. ಸರಿ, ಇದ್ದಾಳೆ. ಹತ್ತು ಐವತ್ತೈದರ ಗಾಡಿಯನ್ನು ಕಳಿಸಿ, ಹನ್ನೊಂದು ಇಪ್ಪತ್ತರದು ಬರುವವರೆಗಿನ ಬಿಡುವಿನಲ್ಲಿ ತನ್ನ ಗಾಜಿನ ಕೋಣೆಯಲ್ಲಿ ಕೂತಿದ್ದಾಳೆ. ರೈಲಿನಲ್ಲಿ ಒಂದೂವರೆ ಗಂಟೆ ದೂರದ ಇನ್ನೊಂದು ಊರಿನ ಸ್ಟೇಷನ್ನಿನಲ್ಲಿ ಗಾಡಿಗಳು ಬರುವುದನ್ನೂ ಹೊರಡುವುದನ್ನೂ ಮೈಕಿನಲ್ಲಿ ಹೇಳುವುದು ಅವಳ ಕೆಲಸ. ಒಂದೇ ಖಾತೆ, ಇಬ್ಬರು ಒಡಹುಟ್ಟಿದವರು, ಒಂದು ಸಲಕ್ಕೆ ಒಬ್ಬರು ಮಾತ್ರ ಕೇಳಬಹುದು. ಒಬ್ಬರು ಹಾಕಿದರೆ ಇನ್ನೊಬ್ಬರದು ನಿಲ್ಲುತ್ತದೆ. ಆ ಹಳದಿ ಆಪಿನ ನಿಯಮವೇ ಹಾಗೆ. ಅಕ್ಕ ತಮ್ಮ ಮಾತು ಬಿಟ್ಟು ಎರಡು ವರ್ಷ ಎಂಟು ತಿಂಗಳಾಗಿತ್ತು. ಪಾಸ್‌ವರ್ಡ್ ಬದಲಾಯಿಸುವುದಕ್ಕೆ ಒಂದು ನಿಮಿಷ ಸಾಕಿತ್ತು. ಚಿಕ್ಕಂದಿನಲ್ಲಿ ಬೀದಿಯಲ್ಲಿದ್ದ ನಾಯಿಯ ಹೆಸರು, ಮುಂದೆ ಮನೆ ನಂಬರು; ಅದನ್ನು ಅವನೂ ಬದಲಾಯಿಸಿರಲಿಲ್ಲ, ಅವಳೂ ಬಿಟ್ಟು ಹೋಗಿರಲಿಲ್ಲ.

ಆ ಹಳದಿಯನ್ನು ಇವತ್ತು ಬಿಡಬೇಕಾಗಿತ್ತು. ಬಿಡಲೇಬೇಕು ಎಂದು ಮನೆಯಲ್ಲಿ ತೀರ್ಮಾನವಾಗಿ ತಿಂಗಳಾಗಿತ್ತು. ಅವನೊಬ್ಬ ‘ನೋಡೋಣ’ ಎನ್ನುತ್ತ ದಿನ ದೂಡಿದ್ದ. ಮಗಳು ಫ್ರಿಜ್ಜಿನ ಬಾಗಿಲಿಗೆ ಒಂದು ಕಾಗದ ಅಂಟಿಸಿದ್ದಳು. ಎಡಗಡೆ ಹಳದಿ, ಬಲಗಡೆ ಅವಳ ಮೆಚ್ಚಿನ ಇನ್ನೊಂದು ಹಾಡಿನ ಆಪು, ನೇರಳೆ. ಯಾವುದರಲ್ಲಿ ಧ್ವನಿ ಸ್ವಚ್ಛ, ಯಾವುದರಲ್ಲಿ ಹಳೆಯ ಹಾಡು ಹೆಚ್ಚು, ಯಾವುದು ಹಾಡಿನ ಮಾತುಗಳನ್ನು ಪರದೆಯ ಮೇಲೆ ತೋರಿಸುತ್ತದೆ, ಎಲ್ಲಕ್ಕೂ ಗೀಟು ಹಾಕಿ ಅಂಕ ಕೊಟ್ಟಿದ್ದಳು. ಹಳದಿಗೆ ಬಂದ ಅಂಕ ನೋಡಿದರೆ ಅದನ್ನು ಕಟ್ಟಿದವರಿಗೇ ಅಳು ಬರಬೇಕು. ಹೆಂಡತಿಯದು ಔಷಧಿ ಅಂಗಡಿಯಲ್ಲಿ ಕೆಲಸ, ವಿಷಯವಿಲ್ಲದೆ ಪಕ್ಷ ವಹಿಸುವವಳಲ್ಲ. ಆದರೆ ನೇರಳೆಯ ಒಂದು ತಿಂಗಳ ಉಚಿತ ಅವಧಿಯಲ್ಲಿ ಅವಳೂ ಆ ಕಡೆ ವಾಲಿಬಿಟ್ಟಿದ್ದಳು. ಇಪ್ಪತ್ತು ವರ್ಷದಿಂದ ತಾನು ತಪ್ಪು ಮಾತು ಹಾಕಿಕೊಂಡು ಹಾಡುತ್ತಿದ್ದೆ ಎಂದು ಅವಳಿಗೆ ತಿಳಿದದ್ದು ಅದರ ಪರದೆಯಿಂದಲೇ. ಅದಾದ ಮೇಲೆ ಹಳೆಯ ಹಾಡುಗಳನ್ನೆಲ್ಲ ಒಂದೊಂದಾಗಿ ತಿದ್ದಿಕೊಂಡು ಹಾಡುತ್ತಿದ್ದಳು, ಅವನಿಗೆ ಮಾತ್ರ ಆ ತಪ್ಪು ಮಾತುಗಳೇ ಚೆಂದವಿದ್ದವು ಅನ್ನಿಸುತ್ತಿತ್ತು.

“ಅಪ್ಪಾ, ಫ್ಯಾಮಿಲಿ ಪ್ಲಾನ್ ಅಂದ್ರೆ ಆರು ಜನ,” ಎಂದು ಮಗಳು ಬೆಳಿಗ್ಗೆ ತಿಂಡಿಯ ಹೊತ್ತಿಗೆ ಕೊನೆಯ ಸಲ ವಿವರಿಸಿದ್ದಳು. “ಒಬ್ರು ಹಾಕಿದ್ರೆ ಇನ್ನೊಬ್ರದು ನಿಲ್ಲಲ್ಲ. ನಿಂಗೆ ನಿಂದು, ಅಮ್ಮಂಗೆ ಅಮ್ಮಂದು, ನಂಗೆ ನಂದು. ಒಬ್ರ ಗೊಡವೆ ಇನ್ನೊಬ್ರಿಗಿಲ್ಲ.”

“ಅದಕ್ಕೆ ಫ್ಯಾಮಿಲಿ ಅಂತ ಯಾಕಮ್ಮಾ ಹೆಸರು?”

“ನೀನು ಮಾತು ಹಾರಿಸ್ಬೇಡ. ನಾಳೆ ಹಳದಿ ತಾನಾಗೇ ಇನ್ನೊಂದು ವರ್ಷಕ್ಕೆ ಮುಂದುವರಿಯುತ್ತೆ. ಎರಡೆರಡು ಇಟ್ಕೊಂಡು ಏನ್ ಮಾಡ್ತೀಯ, ಉಪ್ಪಿನಕಾಯಿ ಹಾಕ್ತೀಯಾ? ಮಧ್ಯಾಹ್ನ ಕಾಲೇಜಿಂದ ಬಂದು ನಾನೇ ತೆಗೆದುಕೊಡ್ತೀನಿ.”

ಹೆಂಡತಿ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ, ಮಗಳಿಗೆ ಕೇಳದ ಹಾಗೆ, “ರೀ, ಅತ್ತಿಗೆಗೆ ಒಂದು ಫೋನ್ ಮಾಡಿಬಿಡಿ. ನಿಮಗೆ ಬೇಕಾಗಿರೋದು ಹಳದಿಯೂ ಅಲ್ಲ ನೇರಳೆಯೂ ಅಲ್ಲ,” ಎಂದಳು. ಅವನು ಎಂದಿನಂತೆ, “ಬೇಕಾದ್ರೆ ಅವಳೇ ಮಾಡಲಿ,” ಎಂದ. ಹಾಗೆ ಹೇಳುವಾಗ ಐವತ್ತೆರಡು ವರ್ಷದ ತನ್ನ ಬಾಯಿಂದ ಎಂಟು ವರ್ಷದವನ ಮಾತು ಬಂದದ್ದು ಅವನಿಗೇ ಕೇಳಿಸಿತು.

ಎಂಟು ವರ್ಷದವನಿದ್ದಾಗ ಮನೆಯಲ್ಲಿ ಇದ್ದದ್ದು ಒಂದೇ ರೇಡಿಯೋ. ಅವಳಿಗೆ ಹದಿಮೂರು. ಅವಳು ತಿರುಗಿಸಿದ್ದನ್ನು ಅವನು ತಿರುಗಿಸಿ, ಅವನು ತಿರುಗಿಸಿದ್ದನ್ನು ಅವಳು ತಿರುಗಿಸಿ ಒಂದು ದಿನ ಅದರ ಗುಂಡಿಯೇ ಕಿತ್ತು ಕೈಗೆ ಬಂತು. ಆಮೇಲೆ ಉಳಿದ ಮೊಂಡು ಕಡ್ಡಿಯನ್ನು ಇಕ್ಕಳದಲ್ಲಿ ಹಿಡಿದು ತಿರುಗಿಸಬೇಕಾಯಿತು, ಇಕ್ಕಳ ಯಾರ ಕೈಯಲ್ಲೋ ಹಾಡು ಅವರದು. ಅಕ್ಕ ಇಕ್ಕಳವನ್ನು ಸ್ಕೂಲಿನ ಚೀಲದಲ್ಲಿ ಹಾಕಿಕೊಂಡು ಹೋಗಿಬಿಡುತ್ತಿದ್ದಳು. ಒಮ್ಮೆ ಅವನು ಜ್ವರ ಬಂದು ವಾರಗಟ್ಟಲೆ ಮಲಗಿದ್ದಾಗ ಅವಳ ಹಾಡುಗಳನ್ನೇ ಬೆಳಗಿಂದ ಸಂಜೆವರೆಗೆ ಬೇರೆ ದಾರಿಯಿಲ್ಲದೆ ಕೇಳಿದ್ದ. ಅವಳು ಸಂಜೆ ಬಂದು ಹಣೆ ಮುಟ್ಟಿ ನೋಡಿ, ಚೀಲದಿಂದ ಇಕ್ಕಳ ತೆಗೆದು ಅವನ ದಿಂಬಿನ ಪಕ್ಕ ಇಟ್ಟು, “ತಗೋ ಗುಂಡ, ನಿಂಗೆ ಬೇಕಾದ್ದು ಹಾಕ್ಕೋ,” ಎಂದರೆ ಅವನಿಗೆ ಏನೂ ಬೇಡವಾಗಿರುತ್ತಿತ್ತು. ಆರು ವರ್ಷದ ಹಿಂದೆ ಈ ಹಳದಿ ಖಾತೆ ತೆಗೆದಾಗಲೂ ಮೊದಮೊದಲು ಅದೇ ಜಗಳ. ಅವನು ಹಾಡು ಹಾಕಿಕೊಂಡು ಕಟ್ಟಿದ ಹಲ್ಲಿಗೆ ಹೊಳಪು ಕೊಡುತ್ತಿದ್ದರೆ ಫೋನು ಬರುತ್ತಿತ್ತು: “ಬಿಡೋ, ನಾನು ಕೇಳ್ತಿದ್ದೆ.” “ಹತ್ತು ನಿಮಿಷ ತಾಳು.” “ಹತ್ತು ನಿಮಿಷಕ್ಕೆ ನಂಗೆ ಗಾಡಿ ಬರುತ್ತೆ, ಬಿಡು.” ಅವನ ಕಾರ್ಯಾಗಾರದ ಫೋನಿಗೆ ಆ ಆಪಿನಲ್ಲಿ ‘ಹಲ್ಲಂಗಡಿ’ ಎಂದು ಹೆಸರಿಟ್ಟವಳೂ ಅವಳೇ.

ಕಾರ್ಯಾಗಾರವೆಂದರೆ ಮನೆಯ ಮುಂಭಾಗದ ಒಂದು ಕೋಣೆ. ಕಿಟಕಿಯ ಕೆಳಗೆ ಕೆಲಸದ ಮೇಜು, ಗೋಡೆಯುದ್ದಕ್ಕೆ ಕಪಾಟು, ಕಪಾಟಿನ ತುಂಬ ಪ್ಲಾಸ್ಟರಿನ ದವಡೆಗಳು. ಕೆಲಸ ಮುಗಿದ ಮೇಲೆ ಅಚ್ಚುಗಳನ್ನು ಎಸೆಯುವುದು ವಾಡಿಕೆ, ಆದರೆ ಅವನು ಎಸೆಯಲಾರ. ಪ್ರತಿಯೊಂದರ ಅಡಿಯಲ್ಲೂ ಪೆನ್ಸಿಲಿನಲ್ಲಿ ಬರೆದ ಗುರುತು: ಬಸ್ ಡ್ರೈವರ್, ಹೆಡ್‌ಮಾಸ್ಟರ್, ಮೂಲೆಮನೆ ಅಜ್ಜಿ. ಮೇಲಿನ ಸಾಲಿನ ತುದಿಯಲ್ಲಿ ಒಂದು ಅಚ್ಚು ಮಾತ್ರ ಗೋಡೆಗೆ ಮುಖ ಮಾಡಿ ಕೂತಿತ್ತು. ಅದರಡಿ ‘ಅಕ್ಕ’ ಎಂದಿತ್ತು. ಸ್ಟೇಷನ್ನಿನ ಮೆಟ್ಟಿಲಲ್ಲಿ ಎಡವಿ ಮುಂದಿನೆರಡು ಹಲ್ಲು ಕಳಕೊಂಡಾಗ ಅವಳು ಬೇರೆಲ್ಲೂ ಹೋಗದೆ, “ನನ್ನ ತಮ್ಮ ಇದ್ದಾನೆ,” ಎಂದು ನೇರ ಇಲ್ಲಿಗೇ ಬಂದಿದ್ದಳು. ಅವನು ಬೇರೆ ಯಾರಿಗೂ ಕೊಡದ ಹಲ್ಲುಗಳ ಪೆಟ್ಟಿಗೆಯಿಂದ ಬಣ್ಣ ಆರಿಸಿ, ಎರಡು ದಿನ ಬೇರೆ ಕೆಲಸ ಮುಟ್ಟದೆ ಮಾಡಿಕೊಟ್ಟ. ಹಲ್ಲು ಕೂರಿಸಿದ ಮೇಲೆ ಎಲ್ಲರಿಗೂ ಅವನು ಒಂದು ಮಾತು ಹೇಳಿಸುವುದುಂಟು: ಸರಸರ ಸಾಸಿವೆ, ಸಾವಿರ ಸಾಸಿವೆ. ಅಕ್ಕ ಹೇಳಿದಳು. ಒಂದೊಂದು ‘ಸ’ದ ಹಿಂದೆಯೂ ತೆಳ್ಳಗೆ ಸಿಳ್ಳೆ ಬಂತು. ಅವನಿಗೆ ಕೇಳಿಸಿತು, ಖಂಡಿತ ಕೇಳಿಸಿತು. ಆದರೆ ಅವಳು ಕನ್ನಡಿಯಲ್ಲಿ ನೋಡಿಕೊಂಡು, “ಎಷ್ಟು ಚೆನ್ನಾಗಿ ಮಾಡಿದ್ದೀಯೋ,” ಎಂದು ಕಣ್ತುಂಬಿಕೊಂಡಿದ್ದಳು. ಆ ಹೊಗಳಿಕೆಯನ್ನು ಕೈಬಿಡಲಾರದೆ ಅವನು, “ನಾಲ್ಕು ದಿನದಲ್ಲಿ ಸರಿಹೋಗುತ್ತೆ,” ಎಂದುಬಿಟ್ಟ.

ಸರಿಹೋಗಲಿಲ್ಲ. ಅವಳ ಸಿಳ್ಳೆ ನಾಲ್ಕು ಪ್ಲಾಟ್‌ಫಾರ್ಮುಗಳಲ್ಲಿ, ಹನ್ನೆರಡು ಸ್ಪೀಕರುಗಳಲ್ಲಿ ಒಟ್ಟಿಗೆ ಕೇಳಿಸಿತು. ಮೂರು ವಾರಕ್ಕೆ ಹಮಾಲರು ಒಬ್ಬರನ್ನೊಬ್ಬರು ಸಿಳ್ಳೆ ಹಾಕಿ ಕರೆಯತೊಡಗಿದ್ದರಂತೆ, ಸ್ಟೇಷನ್ ಮಾಸ್ಟರು ಬಾಯಿಗೆ ಕೈ ಅಡ್ಡ ಹಿಡಿದು ಕೆಮ್ಮುತ್ತಿದ್ದರಂತೆ. ಇಪ್ಪತ್ತೈದು ವರ್ಷ ಮೈಕಿನ ಮುಂದೆ ಕೂತವಳು. ಅವಳು ಮತ್ತೆ ಬಂದ ದಿನ ಈ ಕೋಣೆಯಲ್ಲಿ ಊರಿನ ಹಲ್ಲಿನ ಡಾಕ್ಟರಮ್ಮ ಕೂತಿದ್ದರು. ಅವನ ಅರ್ಧ ಕೆಲಸ ಬರುವುದು ಅವರಿಂದ. ಅಕ್ಕ ಬಾಗಿಲಲ್ಲೇ, “ಗುಂಡ, ಇದು ಉದ್ದ ಆಗಿದೆ ಕಣೋ,” ಎಂದಳು. ಹೌದು ಎಂದರೆ ಮುಗಿಯುತ್ತಿತ್ತು. ಕೂತ್ಕೋ ಅಕ್ಕ, ನೋಡ್ತೀನಿ ಎಂದರೂ ಮುಗಿಯುತ್ತಿತ್ತು. ಅವನು ಡಾಕ್ಟರಮ್ಮನ ಕಡೆ ಒಂದು ಸಲ ನೋಡಿ, ಅನುಭವಸ್ಥನ ದನಿಯಲ್ಲಿ, “ಹಲ್ಲು ಸರಿಯಾಗಿದೆ. ನಾಲಿಗೆ ಅಭ್ಯಾಸ ಮಾಡ್ಕೋಬೇಕು,” ಎಂದ. “ಅಂದ್ರೆ ನಿನ್ನ ಹಲ್ಲಿಗೇನೂ ಆಗಿಲ್ಲ, ನನ್ನ ನಾಲಿಗೆಗೆ ಕೊಬ್ಬು. ಅಷ್ಟೇ ತಾನೇ?” ಎಂದಳು ಅವಳು, ಆ ‘ಅಷ್ಟೇ’ಯಲ್ಲೂ ಗಾಳಿ ಸೋರಿತು, ಡಾಕ್ಟರಮ್ಮನ ತುಟಿ ಒಂದಿಷ್ಟು ಅಲುಗಿದ್ದನ್ನು ಅಕ್ಕ ನೋಡಿದಳು. ಹೋದವಳು ಮತ್ತೆ ಬರಲಿಲ್ಲ. ನಾಲ್ಕು ತಿಂಗಳು ಮೈಕ್ ಬಿಟ್ಟು ಟಿಕೆಟ್ ಕಿಟಕಿಯ ಹಿಂದೆ ಕೂತಿದ್ದಳೆಂದೂ, ಆಮೇಲೆ ಬೇರೆ ಯಾರ ಹತ್ತಿರವೋ ಹಲ್ಲು ಕಟ್ಟಿಸಿಕೊಂಡು ಮೈಕಿಗೆ ಮರಳಿದಳೆಂದೂ ಭಾವ ಒಮ್ಮೆ ಫೋನಿನಲ್ಲಿ ಹೇಳಿದ್ದರು. ಆ ಫೋನು ಬಂದ ದಿನ ಅವನು ಅಚ್ಚನ್ನು ಕೆಳಗಿಳಿಸಿ, ಹಿಂದೆ ಬರೆದಿಟ್ಟ ಹಲ್ಲಿನ ಅಳತೆಯನ್ನು ಅದಕ್ಕೆ ಹಿಡಿದು ನೋಡಿದ. ಅರ್ಧ ಮಿಲಿಮೀಟರ್ ಉದ್ದ. ಮೂರು ಸಲ ಅಳೆದ, ಮೂರು ಸಲವೂ ಅಷ್ಟೇ. ಅಚ್ಚನ್ನು ಗೋಡೆಗೆ ತಿರುಗಿಸಿ ಇಟ್ಟ.

ಹಾಗಾಗಿ ಹಳದಿ ಪಟ್ಟಿ ಅವನಿಗೆ ಬರೀ ಪಟ್ಟಿಯಾಗಿರಲಿಲ್ಲ. ಮೊದಲ ವರ್ಷ ಅವಳು ಏನೇನೋ ಕೇಳುತ್ತಿದ್ದಳು. ಪರದೆಯಲ್ಲಿ ಹಾಡಿನ ಹೆಸರು ನೋಡಿ, ಇವತ್ತು ಖುಷಿಯಾಗಿದ್ದಾಳೆ, ಇವತ್ತು ಭಾವನ ಮೇಲೆ ಸಿಟ್ಟಾಗಿದ್ದಾಳೆ ಎಂದು ಅವನು ಲೆಕ್ಕ ಹಾಕುತ್ತಿದ್ದ. ಈಚಿನ ಒಂದು ವರ್ಷದ ಮೇಲಾಯಿತು, ದಿನಾ ಹನ್ನೊಂದು ಐದಕ್ಕೆ ಒಂದೇ ಹಾಡು. ತಂತಿಯ ಮೇಲೆ ಒಣಹಾಕಿದ ಬಟ್ಟೆಗಳು ಗಾಳಿಯನ್ನು ಕಾಯುವ ಹಾಡು, ಯಾರೋ ಹೊಸ ಹುಡುಗಿ ಮೂಗಿನಲ್ಲಿ ಹಾಡಿದ್ದು. ಅವನು ಅದನ್ನು ಮಗಳ ಫೋನಿನಲ್ಲಿ ಹುಡುಕಿ ಎಷ್ಟು ಸಲ ಕೇಳಿದ್ದನೆಂದರೆ ಸ್ನಾನ ಮಾಡುವಾಗ ಬಾಯಿಗೆ ಅದೇ ಬರುತ್ತಿತ್ತು. ಗಾಳಿ ಎಂದರೆ ತಾನೇ ಇರಬೇಕು. ಒದ್ದೆ ಬಟ್ಟೆ ಎಂದರೆ ಅವಳು. ಎರಡನೆಯ ಚರಣದಲ್ಲಿ ಒಂದು ಕ್ಲಿಪ್ಪು ಕಳಚಿ ಬೀಳುತ್ತದೆ, ಅದು ಹಲ್ಲು ಎಂದು ತಿಳಿಯುವುದಕ್ಕೆ ಅವನಿಗೆ ಒಂದು ವಾರ ಹಿಡಿದಿತ್ತು. ಕ್ಷಮಿಸಿದ್ದಾಳೆ, ಆದರೆ ಪೂರ್ತಿಯಾಗಿ ಕ್ಷಮಿಸಿಲ್ಲ, ಕೊನೆಯ ಸಾಲಿನಲ್ಲಿ ಬಟ್ಟೆ ಅರೆಒಣಗಿದಂತೆಯೇ ಉಳಿಯುತ್ತದಲ್ಲ.

ಎಂಟು ತಿಂಗಳ ಹಿಂದೆ ಒಂಬತ್ತು ದಿನ ಆ ಹಾಡು ಬರಲಿಲ್ಲ. ಮೊದಲ ದಿನ ರಜೆ ಇರಬೇಕೆಂದುಕೊಂಡ. ಮೂರನೆಯ ದಿನಕ್ಕೆ ಹಲ್ಲಿಗೆ ಹೊಳಪು ಕೊಡುವ ಮೋಟಾರಿಗೆ ಹೆಬ್ಬೆರಳು ತಾಗಿಸಿಕೊಂಡ. ಫೋನನ್ನು ಕೈಗೆತ್ತಿಕೊಂಡು ಭಾವನ ನಂಬರಿನವರೆಗೂ ಹೋಗಿ ಇಟ್ಟುಬಿಟ್ಟ. ಎಂಟನೆಯ ದಿನ ಹೆಂಡತಿಗೆ ಪ್ಲಾಸ್ಟರ್ ತರಬೇಕೆಂದು ಸುಳ್ಳು ಹೇಳಿ ರೈಲು ಹತ್ತಿದ. ಅಕ್ಕನ ಸ್ಟೇಷನ್ನಿನಲ್ಲಿ ಇಳಿದು, ಗಡಿಯಾರದ ಕೆಳಗೆ ನಿಂತ. ಸ್ಪೀಕರ್ ಗೊರಗುಟ್ಟಿತು, ಅವಳ ದನಿ ಬಂತು. ಅವಳೇ! ಆರೋಗ್ಯವಾಗಿದ್ದಾಳೆ, ಶೀತ ಕೂಡ ಇಲ್ಲ. ಪ್ರತಿಯೊಂದು ‘ಸ’ವೂ ತೊಳೆದಿಟ್ಟ ಹಾಗಿತ್ತು. ಆ ಹಲ್ಲು ಕಟ್ಟಿದವನು ಯಾರೋ, ಕೈ ಬಲ್ಲವನು ಎಂದು ಒಲ್ಲದ ಮನಸ್ಸಿನಿಂದಲೇ ಮೆಚ್ಚಿಕೊಂಡ. ಮೇಲಿನ ಗಾಜಿನ ಕೋಣೆಗೆ ಹೋಗುವ ಮೆಟ್ಟಿಲು ಹದಿನಾಲ್ಕೇ ಇದ್ದವು. ಎಣಿಸಿದ. ಮುಕ್ಕಾಲು ಗಂಟೆ ಅಲ್ಲೇ ನಿಂತು ನಾಲ್ಕು ಗಾಡಿಗಳ ವಿಷಯ ಕೇಳಿಸಿಕೊಂಡ, ಎರಡು ಕಾಫಿ ಕುಡಿದ. ವಾಪಸು ಹೋಗುವ ಗಾಡಿ ಬಂದು ನಿಂತಾಗ ಹತ್ತಿಬಿಟ್ಟ. ಆ ದಿನ ಯಾಕೋ ಅವನ ಗಾಡಿ ಹೊರಡುವುದನ್ನು ಯಾರೂ ಹೇಳಲೇ ಇಲ್ಲ. ಅದು ಸದ್ದಿಲ್ಲದೆ ಜರುಗಿತು, ಓಡಿಬಂದು ಹತ್ತಿದವರು ರೈಲ್ವೆಯವರನ್ನು ಬಾಯಿಗೆ ಬಂದಂತೆ ಬೈದರು. ಅದಾಗಿ ಎರಡನೆಯ ದಿನ, ಹನ್ನೊಂದು ಐದಕ್ಕೆ, ಬಟ್ಟೆಯ ಹಾಡು ಮರಳಿ ಬಂತು.

ಮಗಳು ಎರಡು ಗಂಟೆಗೆ ಬಂದಳು. ಚೀಲವನ್ನು ಕುರ್ಚಿಗೆ ಎಸೆದು, ಮೇಜಿನ ಮೇಲಿನ ದವಡೆಗಳ ಜೋಡಿಯೊಂದನ್ನು ಕೈಗೆತ್ತಿಕೊಂಡು, ಅದರ ಬಾಯಿ ಕಟಕಟ ಆಡಿಸಿ, “ನಮಸ್ಕಾರ, ಫೋನ್ ಕೊಡಿ,” ಎಂದು ದವಡೆಯ ದನಿಯಲ್ಲಿ ಕೇಳಿದಳು. ಅವನು ಕೊಟ್ಟ. ಕೊಡುವಾಗ ಬೆರಳು ಅರೆಗಳಿಗೆ ಬಿಡಲಿಲ್ಲ, ಅವಳು ಎಳೆದುಕೊಂಡಳು.

“ಮೊದಲು ನೇರಳೆಗೆ ಸೇರಿಸ್ತೀನಿ, ಆಮೇಲೆ ಹಳದಿ ತೆಗೀತೀನಿ. ನೋವೇ ಆಗಲ್ಲ. ನೀನು ಜನಕ್ಕೆ ಹೇಳಲ್ವಾ, ಹಾಗೆ.”

ನೇರಳೆ ಬಣ್ಣ ಪರದೆ ತುಂಬಿತು, ಸ್ವಾಗತ ಎಂದಿತು. ಫೋನಿನಲ್ಲಿ ನಂಬರಿರುವ ಯಾರು ಯಾರು ಈಗಾಗಲೇ ಇಲ್ಲಿದ್ದಾರೆ ನೋಡಿ ಎಂದು ಒಂದು ಸಾಲು ಮುಖಗಳನ್ನು ತೋರಿಸಿತು. ಡಾಕ್ಟರಮ್ಮ ಇದ್ದರು. ಪ್ಲಾಸ್ಟರ್ ಅಂಗಡಿಯವನಿದ್ದ.

“ಅಯ್ಯೋ ಅಪ್ಪಾ, ಅತ್ತೆ ಇದ್ದಾರೆ! ನೋಡು. ಹದಿನಾಲ್ಕು ತಿಂಗಳಿಂದ ಇದಾರೆ. ಎಷ್ಟೊಂದು ಪಟ್ಟಿ ಮಾಡ್ಕೊಂಡಿದಾರೆ. ಅತ್ತೆ ನಮಗಿಂತ ಮುಂದೆ!”

ಅವನು ಫೋನನ್ನು ಈಸಿಕೊಂಡ. ಅಕ್ಕನೇ. ಸಣ್ಣ ವೃತ್ತದೊಳಗೆ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಹದಿನಾಲ್ಕು ತಿಂಗಳು. ಬಟ್ಟೆಯ ಹಾಡು ಶುರುವಾದದ್ದೂ ಸರಿಸುಮಾರು ಆಗಲೇ. ಹಾಗಾದರೆ ಹಳದಿಯನ್ನು ಅವಳು ಅಂದೇ ಬಿಟ್ಟಿದ್ದಾಳೆ. ಹಳೆಯ ಫೋನನ್ನು ಯಾರಿಗೋ ಕೊಟ್ಟಿದ್ದಾಳೆ, ಸ್ಟೇಷನ್ನಿನಲ್ಲಿ ಕಸ ಗುಡಿಸುವವಳಿಗೋ, ಟೀ ಮಾರುವವನಿಗೋ. ಅವರು ಕೆಲಸದ ನಡುವೆ ತಮಗಿಷ್ಟವಾದ ಒಂದೇ ಒಂದು ಹಾಡನ್ನು ದಿನಾ ಹನ್ನೊಂದು ಐದಕ್ಕೆ ಹಾಕಿಕೊಳ್ಳುತ್ತಾರೆ. ಗುರುತಿಲ್ಲದವರ ಒಣಬಟ್ಟೆಯಲ್ಲಿ ತಾನು ಅಕ್ಕನ ಕ್ಷಮೆ ಹುಡುಕುತ್ತ ಕೂತಿದ್ದ. ಒಂಬತ್ತು ದಿನ, ಹೆಬ್ಬೆರಳು ಕೊಯ್ದುಕೊಂಡು ಒದ್ದಾಡಿದ್ದು ಟೀ ಮಾರುವವನು ಊರಿಗೆ ಹೋಗಿದ್ದಕ್ಕೆ. ಅವನಿಗೆ ನಾಚಿಕೆಯಾಯಿತು. ಅದರ ಹಿಂದೆಯೇ ನಾಚಿಕೆಗಿಂತ ದೊಡ್ಡದೊಂದು ಬಂತು. ಇದ್ದ ಒಂದು ಎಳೆಯೂ ಎಂದೋ ಕಡಿದುಹೋಗಿದೆ, ಅವಳು ಕಡಿದುಕೊಂಡು ಆರಾಮಾಗಿದ್ದಾಳೆ, ತನಗೆ ಮಾತ್ರ ತಿಳಿದಿಲ್ಲ.

“ಅಪ್ಪಾ, ಈಗ ಹಳದಿ ತೆಗೀಲಾ?”

“ತಾಳು. ಒಳಗೆ ಹೋಗಿ ಊಟ ಮಾಡು.”

ಅವನ ಮುಖ ನೋಡಿ ಮಗಳು ತಮಾಷೆ ನಿಲ್ಲಿಸಿದಳು. ದವಡೆಯನ್ನು ಇದ್ದಲ್ಲಿ ಇಟ್ಟು, ಹೋಗುವಾಗ ಬಾಗಿಲನ್ನು ಮೆಲ್ಲಗೆ ಎಳೆದುಕೊಂಡಳು. ಎರಡು ನಲವತ್ತರ ಗಾಡಿಗೂ ಮೂರು ಹತ್ತರ ಗಾಡಿಗೂ ನಡುವೆ ಅವಳಿಗೆ ಬಿಡುವು. ಆ ವೇಳಾಪಟ್ಟಿ ಅವನಿಗೆ ಬಾಯಿಪಾಠ. ಎರಡು ನಲವತ್ತೈದರವರೆಗೆ ಗಡಿಯಾರ ನೋಡುತ್ತ ಕೂತ. ಆಮೇಲೆ ನಂಬರು ಒತ್ತಿದ. ಮೂರನೆಯ ಸಲ ಬಡಿದುಕೊಂಡಾಗ ಎತ್ತಿದಳು.

“ಹೇಳು,” ಎಂದಳು, ನಿನ್ನೆ ತಾನೇ ಮಾತಾಡಿ ಇಟ್ಟವಳ ಹಾಗೆ.

“ನಾನು.”

“ಗೊತ್ತಾಗುತ್ತೆ, ಹೆಸರು ಬರುತ್ತಲ್ಲ. ಏನಾಯ್ತು? ಎಲ್ರೂ ಚೆನ್ನಾಗಿದಾರಾ?”

“ಚೆನ್ನಾಗಿದಾರೆ. ಅಕ್ಕ, ಹಳದಿಯಲ್ಲಿ ಹಾಡು ಹಾಕೋದು ನೀನೇನಾ?”

ಆ ಕಡೆ ಒಂದು ಗೂಡ್ಸ್ ಗಾಡಿ ದಾಟಿ ಹೋಗುವ ಸದ್ದು. ಅದು ಮುಗಿದ ಮೇಲೆ ಅವಳು ಕೇಳಿದಳು: “ಯಾಕೆ, ತೊಂದ್ರೆ ಆಯ್ತಾ?”

“ಇಲ್ಲ. ನೀನು ನೇರಳೆಗೆ ಹೋಗಿ ಹದಿನಾಲ್ಕು ತಿಂಗಳಾಯ್ತಂತೆ.”

“ನಿಮ್ಮ ಭಾವ ಸೇರಿಸಿದ್ರು. ಒಳ್ಳೇದಿದೆ, ಮಾತೆಲ್ಲ ಬರುತ್ತೆ ಅದ್ರಲ್ಲಿ. ಹಾಡು ಕೇಳೋದೆಲ್ಲ ಅದ್ರಲ್ಲೇ.”

“ಮತ್ತೆ ಹಳದಿಯಲ್ಲಿ ದಿನಾ ಬಟ್ಟೆ ಹಾಡು ಹಾಕೋರು ಯಾರು?”

“ಯಾವ ಬಟ್ಟೆ?”

“ತಂತಿ ಮೇಲೆ ಒಣಗುತ್ತಲ್ಲ. ಗಾಳಿಗೆ ಕಾಯುತ್ತಲ್ಲ ಅಕ್ಕ. ಕ್ಲಿಪ್ ಬೀಳುತ್ತೆ.”

“ನಂಗೇನೋ ಗೊತ್ತು? ತೆಗೆದ ತಕ್ಷಣ ಮೇಲಿರೋದನ್ನ ಒತ್ತುತೀನಿ. ಸೌಂಡೇ ಇರಲ್ಲ. ಮೈಕಿನ ರೂಮಲ್ಲಿ ಸೌಂಡ್ ಇಟ್ರೆ ಊರಿಗೆಲ್ಲ ಕೇಳುತ್ತೆ.”

ಅವನಿಗೆ ನಗು ಬಂತು. ಒಂದು ವರ್ಷದ ಮೇಲೆ ಅವನು ಆ ಹುಡುಗಿಯ ಮೂಗಿನ ದನಿಯನ್ನು ಸಹಿಸಿಕೊಂಡಿದ್ದ. “ಕೇಳದೇ ಇದ್ರೆ ಯಾಕೆ ಒತ್ತುತೀಯ?”

“ಒತ್ತಿದ್ರೆ, ‘ಹಲ್ಲಂಗಡಿಯಲ್ಲಿ ಹಾಡುತ್ತಿದೆ, ಇಲ್ಲಿಗೆ ತರಲೇ’ ಅಂತ ಕೇಳುತ್ತಲ್ಲ. ಅಂಗಡಿ ತೆಗೆದಿದ್ದಾನೆ, ಕೆಲಸಕ್ಕೆ ಕೂತಿದ್ದಾನೆ ಅಂತ ಗೊತ್ತಾಗುತ್ತೆ. ಅಷ್ಟೇ.” ದನಿ ಗಟ್ಟಿ ಮಾಡಿಕೊಂಡಳು. “ಅಲ್ವೋ, ಏನೋ ಅದು ನಿನ್ನ ರುಚಿ? ಒಂದಿನ ಮಕ್ಕಳ ಪದ್ಯ, ಒಂದಿನ ಯಾವುದೋ ಭಾಷೆಯಲ್ಲಿ ಕಿರುಚಾಟ, ಒಂದಿನ ಬರೀ ಡೋಲು. ನೀನು ಕೇಳಿದ್ದನ್ನೆಲ್ಲ ಬರ್ಕೊಂಡು ನೇರಳೆಯಲ್ಲಿ ಪಟ್ಟಿ ಮಾಡಿದೀನಿ, ಮುನ್ನೂರು ಚಿಲ್ರೆ ಆಗಿದೆ. ಅಡುಗೆ ಮಾಡ್ತಾ ಒಂದೊಂದೂ ಕೇಳಿದೀನಿ. ಇದ್ರಲ್ಲಿ ಇವನು ಏನು ಕಂಡ ಅಂತ ಕೇಳಿ ಕೇಳಿ ತಲೆನೋವು ಬಂದಿದೆ.”

“ನಾನು ಕೇಳ್ತಿರಲಿಲ್ಲ ಅಕ್ಕ. ನೀನು ನಿಲ್ಲಿಸೋಕೆ ಅಂತ ಹಾಕಿಡ್ತಿದ್ದೆ.”

ಈಗ ಆ ಕಡೆಯೂ ನಗು ಕೇಳಿಸಿತು.

“ಹಳದಿ ಇವತ್ತಿಗೆ ಮುಗಿಯುತ್ತೆ,” ಎಂದ ಅವನು. “ಮಗಳು ನೇರಳೆಗೆ ಹಾಕಿದಾಳೆ.”

“ಒಳ್ಳೇದಾಯ್ತು ಬಿಡು. ಅದ್ರಲ್ಲಿ ನಾನು ಹಾಕಿದ್ರೆ ನಿಂದು ನಿಲ್ಲಲ್ಲ.”

“ನಿಲ್ಲದೇ ಇದ್ರೆ ನಂಗೆ ಹೇಗೆ ಗೊತ್ತಾಗುತ್ತೆ?”

ಅವನು ಎದ್ದು, ಫೋನನ್ನು ಕಿವಿಗೆ ಒತ್ತಿಕೊಂಡೇ ಸ್ಟೂಲು ಹತ್ತಿ, ಮೇಲಿನ ಸಾಲಿನ ತುದಿಯ ಅಚ್ಚನ್ನು ಕೆಳಗಿಳಿಸಿದ. ಧೂಳು ಊದಿದ. ಅಕ್ಕನ ಬಾಯಿ, ಐವತ್ತನಾಲ್ಕನೆಯ ವಯಸ್ಸಿನದು; ಎಡಗಡೆಯ ಕೋರೆಹಲ್ಲು ಸ್ವಲ್ಪ ಸೊಟ್ಟ, ಚಿಕ್ಕಂದಿನಲ್ಲಿ ಇಕ್ಕಳದ ಜಗಳದಲ್ಲಿ ಅವನೇ ತಳ್ಳಿ ಬೀಳಿಸಿದಾಗಿನಿಂದ ಹಾಗೆ.

“ಅಕ್ಕ, ಅದು ಅರ್ಧ ಮಿಲಿಮೀಟರ್ ಉದ್ದ ಇತ್ತು.”

“ಏನು?”

“ಹಲ್ಲು. ಆವತ್ತೇ ನಂಗೆ ಗೊತ್ತಿತ್ತು. ನೀನು ಸಾಸಿವೆ ಅಂದಾಗಲೇ ಕೇಳಿಸಿತ್ತು. ಡಾಕ್ಟರಮ್ಮ ಇದ್ರು ಅಂತ ನಾನು... ನಿನ್ನ ನಾಲಿಗೆಯಲ್ಲಿ ಏನೂ ಇರಲಿಲ್ಲ. ತಪ್ಪು ನಂದೇ.”

“ನಾಲ್ಕು ತಿಂಗಳು ನನ್ನ ಬಾಯಲ್ಲೇ ಇತ್ತಲ್ಲೋ ಅದು, ನಂಗೆ ಗೊತ್ತಿರಲ್ವಾ?” ಎಂದಳು ಅಕ್ಕ. ಸಿಟ್ಟಿರಲಿಲ್ಲ, ದಣಿದಿದ್ದಳು. “ಅರ್ಧ ಮಿಲಿಮೀಟರ್ ಹೇಳೋಕೆ ಇಷ್ಟು ವರ್ಷ ಬೇಕಾಯ್ತಾ ನಿಂಗೆ? ಒಂದ್ಸಲ ಒಂಬತ್ತು ದಿನ ನಾನು ಬೇಕಂತಲೇ ಒತ್ತಲಿಲ್ಲ. ಈಗಲಾದ್ರೂ ಫೋನ್ ಮಾಡ್ತಾನೇನೋ ನೋಡೋಣ ಅಂತ. ಮಾಡಲಿಲ್ಲ. ಎಂಟನೇ ದಿನ ನೋಡ್ತೀನಿ, ಗಡಿಯಾರದ ಕೆಳಗೆ ನಿಂತಿದೀಯ.”

ಅವನು ಸ್ಟೂಲಿನ ಮೇಲೆಯೇ ಕೂತುಬಿಟ್ಟ.

“ಮೇಲಿಂದ ಎಲ್ಲ ಕಾಣುತ್ತೆ ಕಣೋ. ಎರಡು ಕಾಫಿ ಕುಡಿದೆ. ಒಂದ್ಸಲ ಮೆಟ್ಟಿಲ ಹತ್ರ ಬಂದೆ, ನಾನು ಎದ್ದು ಬಾಗಿಲ ಚಿಲಕ ತೆಗೆದಿಟ್ಟೆ. ನೀನು ವಾಪಸ್ ಹೋಗಿ ನಿಂತ್ಕೊಂಡೆ. ಆಮೇಲೆ ನಿನ್ನ ಗಾಡಿ ಬಂತು. ಹೊರಡುತ್ತೆ ಅಂತ ಹೇಳ್ಬೇಕು, ಮೈಕ್ ಆನ್ ಮಾಡಿದೆ, ಬಾಯೇ ಬರಲಿಲ್ಲ. ಇಪ್ಪತ್ತೆಂಟು ವರ್ಷದಲ್ಲಿ ನಾನು ಹೇಳದೇ ಬಿಟ್ಟ ಗಾಡಿ ಅದೊಂದೇ. ಮೇಲಿನವರು ಕಾರಣ ಬರೆದು ಕೊಡಿ ಅಂದ್ರು. ಏನಂತ ಬರೀಲಿ?”

ಹೊರಗೆ ಯಾರೋ ಸೈಕಲ್ ಬೆಲ್ ಹೊಡೆದುಕೊಂಡು ಹೋದರು. ಅವನ ಕೈಯಲ್ಲಿದ್ದ ಅಚ್ಚಿನ ಮೇಲೆ ಒಂದು ಹನಿ ಬಿತ್ತು, ಪ್ಲಾಸ್ಟರು ಅದನ್ನು ತಕ್ಷಣ ಹೀರಿಕೊಂಡಿತು. ಅವನು ಮೂಗು ಒರೆಸಿಕೊಂಡು, ಸಾಧ್ಯವಾದಷ್ಟು ಸಾಧಾರಣವಾಗಿ, “ಇವತ್ತು ಆ ಕಡೆಗೆ ಗಾಡಿ ಎಷ್ಟು ಹೊತ್ತಿಗಿದೆ?” ಎಂದು ಕೇಳಿದ. ಅವನಿಗೆ ಗೊತ್ತಿಲ್ಲದ ಗಾಡಿಯೇನೂ ಅದಾಗಿರಲಿಲ್ಲ.

ಅಕ್ಕ ಗಂಟಲು ಸರಿಮಾಡಿಕೊಂಡಳು. ಆಮೇಲೆ ಮಾತಾಡಿದ್ದು ಅಕ್ಕನ ದನಿಯಲ್ಲ, ಪ್ಲಾಟ್‌ಫಾರ್ಮಿನ ದನಿ. “ಪ್ರಯಾಣಿಕರು ದಯವಿಟ್ಟು ಗಮನಿಸಿ. ಸಂಜೆ ಐದು ಗಂಟೆ ಹತ್ತು ನಿಮಿಷಕ್ಕೆ ಹೊರಡುವ ಸಾಮಾನ್ಯ ಗಾಡಿಯು ಸರಿಯಾದ ಸಮಯಕ್ಕೆ ಸಂಚರಿಸುತ್ತಿದ್ದು, ಆರು ಗಂಟೆ ನಲವತ್ತು ನಿಮಿಷಕ್ಕೆ ನಮ್ಮ ಸ್ಟೇಷನ್ ಸೇರಲಿದೆ.” ಅವನು ಕಣ್ಣು ಮುಚ್ಚಿಕೊಂಡು, ಕಸುಬಿನವನ ಕಿವಿಯಿಂದ ಒಂದೊಂದು ‘ಸ’ವನ್ನೂ ಕೇಳಿದ. ಒಂದರ ಹಿಂದೆಯೂ ಗಾಳಿ ಇರಲಿಲ್ಲ. ಆ ಹಲ್ಲು ಕಟ್ಟಿದವನು ಯಾರೇ ಇರಲಿ, ಅವನ ಕೈ ತಣ್ಣಗಿರಲಿ ಅನ್ನಿಸಿತು.

“ಇನ್ನೊಂದ್ಸಲ ಹೇಳಕ್ಕ,” ಎಂದ.

ಅಕ್ಕ ಇನ್ನೊಂದು ಸಲ ಹೇಳಿದಳು.